ಕೊಡಲಿ ಬಿದ್ದ ಪೀಪಾಯಿ ಒಲೆ

ಗೊರೋಕಾ
ಆಗಸ್ಟ್ ೧೪

ಪ್ರೀತಿಯ ಅನೋಕಾ ಅಕ್ಕನಿಗೆ,

ನಿನ್ನ ತಂಗಿ ರೋಸ್ನಾ ಬದುಕಿದ್ದಾಳೆ. ಮೊದಲು ಇಷ್ಟು ಓದಿ ಉಸಿರು ಬಿಡು.

ಇಲ್ಲಿಂದ ನಿನ್ನೂರು ಮಡಾಂಗಿಗೆ ಬರುವ ವ್ಯಾನಿನವರು ನಿನಗೆ ಏನೇನೋ ಹೇಳಿರುತ್ತಾರೆ. ನಾನು ಸತ್ತೆ ಎಂದು ಒಬ್ಬ, ಗಂಡನನ್ನು ಕೊಂದೆ ಎಂದು ಇನ್ನೊಬ್ಬ. ಎರಡೂ ಸುಳ್ಳು.

ಚರ್ಚಿನ ಹೆಂಗಸರ ಸಂಘದಲ್ಲಿ ಬನ್ನು ಸುಡುವುದನ್ನು ಕಲಿತಿದ್ದೆನಲ್ಲ, ಅದನ್ನೇ ಕಸುಬು ಮಾಡಿಕೊಳ್ಳಲು ಹೊರಟೆ. ಡೀಸೆಲ್ಲಿನ ಖಾಲಿ ಪೀಪಾಯಿಯೊಂದನ್ನು ಗ್ಯಾರೇಜಿನಲ್ಲಿ ಉದ್ದಕ್ಕೆ ಸೀಳಿಸಿ, ವಾಸನೆ ಹೋಗುವ ತನಕ ಬೆಂಕಿ ಹಾಕಿ ಸುಟ್ಟು ಒಲೆ ಮಾಡಿಕೊಂಡೆ. ಬಸ್ ನಿಲ್ದಾಣದ ಪಕ್ಕ ಗೂಟ ನೆಟ್ಟು ತಗಡು ಹೊದಿಸಿದೆ. ನನ್ನ ಗಂಡ ಅಕುನಾಯಿ ನೋಡಿಯೂ ನೋಡದವನಂತಿದ್ದ. "ಮಾಡು ಮಾಡು, ಎಷ್ಟು ದಿನ ಮಾಡ್ತೀಯೋ ನೋಡ್ತೀನಿ" ಎಂದ, ಅಷ್ಟೇ. ಅವನ ಬಾಯಲ್ಲಿ ಆಶೀರ್ವಾದ ಬಂದರೂ ಹೀಗೇ ಇರುತ್ತದೆ ಎಂದುಕೊಂಡೆ.

ಅಂಗಡಿ ತೆರೆದ ಬೆಳಿಗ್ಗೆ ಮೊದಲ ತಟ್ಟೆ ಕೆಳಗಿಡುವಷ್ಟರಲ್ಲೇ ಖಾಲಿ. ಎರಡನೆಯದನ್ನು ಒಲೆಯಿಂದ ಎಳೆಯುತ್ತಿದ್ದಾಗ ಹಿಂದಿನಿಂದ ಕೂಗು ಬಂತು. "ನನ್ನ ಹಂದಿ ಎಲ್ಲೇ, ಕಳ್ಳಿ?"

ತಿರುಗಿದರೆ ಕೆಪ್ಸಿ. ನನ್ನ ಕಿರಿಯ ಸವತಿ, ಮನೆಗೆ ಬಂದಂದಿನಿಂದ ನನ್ನ ಜೊತೆ ಒಂದೂ ಒಳ್ಳೆಯ ಮಾತಾಡದವಳು, ಹೆಬ್ಬಾವಿನ ಕಣ್ಣಿನವಳು. ಕೈಯಲ್ಲಿ ಮಚ್ಚು. ಅವಳು ಮರಿಯಿಂದ ಸಾಕಿದ ಹಂದಿ ಗೂಡಿನಲ್ಲಿರಲಿಲ್ಲ. ನಾನೇ ಅದನ್ನು ಮಾರಿ ಒಲೆ ಹೂಡಿದೆ ಎಂದು ಅಕುನಾಯಿ ಅವಳ ಕಿವಿ ತುಂಬಿದ್ದ.

ನಾನು ಬಾಯಿ ತೆರೆಯುವ ಮೊದಲೇ ಮಚ್ಚು ಬಿತ್ತು. ತಲೆಗೆ ಬೀಳಬೇಕಾದದ್ದನ್ನು ಬಲಗೈ ತಡೆಯಿತು. ಎರಡು ಬೆರಳಿಗೆ ಗಾಯವಾಯಿತು, ಹೆಚ್ಚೇನಿಲ್ಲ, ಗಾಬರಿಯಾಗಬೇಡ. ನನಗೂ ಸಿಟ್ಟು ನೆತ್ತಿಗೇರಿತು. ಎಡಗೈಯ ಕಾದ ತಟ್ಟೆಯನ್ನು ಅವಳ ಕೆನ್ನೆಗೆ ಒತ್ತಿಬಿಟ್ಟೆ. ಚರ್ಮ ಸುಟ್ಟ ವಾಸನೆ ಬನ್ನಿನ ಘಮದೊಳಗೆ ಬೆರೆಯಿತು. ಜುಟ್ಟು ಹಿಡಿದು ಇಬ್ಬರೂ ಕೆಸರಲ್ಲಿ ಉರುಳಿದೆವು. ಅವಳು ನನ್ನ ಭುಜ ಕಚ್ಚಿದಳು, ನಾನು ಅವಳ ಹೊಟ್ಟೆಗೆ ಒದ್ದೆ. ಸುತ್ತ ನಿಂತ ಜನ "ಬಿಡಬೇಡ ದೊಡ್ಡವಳೇ, ಒದಿ" ಎನ್ನುತ್ತಾ ಚೆಲ್ಲಿದ ಬನ್ನು ಹೆಕ್ಕಿ ತಿಂದರು. ರಕ್ತ ತಾಗಿದ್ದನ್ನು ಮಾತ್ರ ಬಿಟ್ಟರು.

ಆಸ್ಪತ್ರೆಯಲ್ಲಿ ನಮ್ಮಿಬ್ಬರಿಗೂ ಪಕ್ಕಪಕ್ಕದ ಹಾಸಿಗೆ. ಒಬ್ಬರಿಗೊಬ್ಬರು ಬೆನ್ನು ಹಾಕಿ ಮಲಗಿದ್ದೆವು. ಆಮೇಲೆ ಅಕುನಾಯಿಯ ಚಿಕ್ಕಮ್ಮ ಗೆಣಸು ಬೇಯಿಸಿಕೊಂಡು ನೋಡಲು ಬಂದವಳು ಬಾಯಿಬಿಟ್ಟಳು. ಅವನು ಚಿಂಬು ಕಡೆಯ ಹುಡುಗಿಯೊಬ್ಬಳನ್ನು ಮೂರನೆಯವಳಾಗಿ ತರುವವನಿದ್ದಾನೆ. ಕೆಪ್ಸಿಯ ಹಂದಿಯನ್ನು ಹೆಣ್ಣಿಗೆ ಕೊಡುವ ತೆರ ಎಂದು ಆ ಹುಡುಗಿಯ ಅಪ್ಪನಿಗೆ ಕೊಟ್ಟಾಗಿದೆ.

ಚಿಕ್ಕಮ್ಮ ಹೋದ ಮೇಲೆ ಕೆಪ್ಸಿ ನನ್ನ ಕಡೆ ಹೊರಳಿದಳು. "ನಿಂದು ಯಾವ ಹಂದಿ ಕೊಟ್ಟು ನನ್ನ ತಂದ?" ಎಂದು ಕೇಳಿದಳು.

"ಕಿವಿ ಹರಿದಿತ್ತಲ್ಲ, ಆ ಕರೀದು."

"ಅದಿನ್ನೂ ನಮ್ಮಪ್ಪನ ಹತ್ರಾನೇ ಇದೆ. ಈಗ್ಲೂ ಮರಿ ಹಾಕುತ್ತೆ."

ನನಗೆ ನಗು ಬಂತು. ಹೊಲಿಗೆ ಎಳೆದು ಪ್ರಾಣ ಹೋದಂತಾಯಿತು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಇಬ್ಬರೂ ಸೀದಾ ಒಲೆಯ ಬಳಿ ಹೋದೆವು. ಬೆಂಕಿ ಹತ್ತಿತ್ತಷ್ಟೆ, ಅಕುನಾಯಿ ಕೊಡಲಿ ಹಿಡಿದು ಬಂದ. "ಹೊಸಬಳು ಬರ್ತಾಳೆ, ಊಟಕ್ಕೆ ಗುಂಡಿ ತೋಡಿ ಹಂದಿ ಬೇಯಿಸಬೇಕು. ಇಬ್ರೂ ಮನೆಗೆ ನಡೀರಿ."

"ಬನ್ನು ಬೇಯಲಿ" ಎಂದೆ.

ಪೀಪಾಯಿಯ ಮೇಲೆ ಕೊಡಲಿ ಬೀಸಿದ. ತಗಡು ಬಾಯಿಬಿಟ್ಟಿತು. ಮತ್ತೆ ಎತ್ತಿದಾಗ ನಾನು ಅವನ ತೋಳಿಗೆ ಜೋತುಬಿದ್ದೆ. ಕೊಡಲಿ ಬಿಸಾಕಿ ನನ್ನ ಕುತ್ತಿಗೆ ಹಿಸುಕಿದ. ಕಿವಿಯಲ್ಲಿ ಗುಂಯ್ ಎಂಬ ಸದ್ದಷ್ಟೇ ಉಳಿದಿತ್ತು. ಆಗ ಕೆಪ್ಸಿ ಅದೇ ಕೊಡಲಿಯನ್ನೆತ್ತಿ ಅದರ ಹಿಂಬದಿಯಿಂದ ಅವನ ಭುಜಕ್ಕೆ ಬಡಿದಳು. ಒಣ ಬಿದಿರು ಮುರಿದಂತೆ ಮೂಳೆ ಮುರಿಯಿತು. ಕೊಡಲಿಯನ್ನು ತಿರುಗಿಸಿ ಹಿಡಿದಿರದಿದ್ದರೆ ಈ ಪತ್ರ ಜೈಲಿನಿಂದ ಬರುತ್ತಿತ್ತು.

ಊರ ನ್ಯಾಯದಲ್ಲಿ ಹಿರಿಯರು "ಹೆಂಗಸರು ಗಂಡಸರ ಮೂಳೆ ಮುರಿದ್ರೆ ಊರು ಉಳಿಯುತ್ತಾ?" ಎಂದು ಕೇಳಿದರು. "ನನ್ನ ಮುಖಕ್ಕೆ, ಇವಳ ಕೈಗೆ ಯಾರು ಪರಿಹಾರ ಕೊಡ್ತೀರಿ?" ಎಂದು ಕೆಪ್ಸಿ ತಿರುಗಿ ಕೇಳಿದಳು. ಅವನು ಕದ್ದ ಹಂದಿಯೇ ಮೂಳೆಗೆ ಪರಿಹಾರ, ಇನ್ನು ಯಾರೂ ಯಾರಿಗೂ ಏನೂ ಕೊಡಬೇಕಿಲ್ಲ ಎಂದು ತೀರ್ಮಾನವಾಯಿತು. ಭುಜ ಮುರಿದವನನ್ನು ನೋಡಿ ಚಿಂಬುವಿನವರು ಹುಡುಗಿಯನ್ನು ಕಳಿಸಲಿಲ್ಲ. ಹಂದಿಯನ್ನೂ ಹಿಂದಿರುಗಿಸಲಿಲ್ಲ.

ಪೀಪಾಯಿಯ ಸೀಳಿಗೆ ಜೇಡಿಮಣ್ಣು ಮೆತ್ತಿದ್ದೇವೆ. ಚರ್ಚಿನ ಹಿಂದಿನ ಕೋಣೆಯಲ್ಲಿ ಮಲಗುತ್ತೇವೆ. ನೀನು ಮಡಾಂಗಿಗೆ ಬಂದುಬಿಡು ಎನ್ನುತ್ತೀಯ, ಗೊತ್ತು. ಬರುವುದಿಲ್ಲ. ಹಾಗೆಂದು ಕೆಪ್ಸಿಯ ಮೇಲೆ ನನಗೆ ಪೂರ್ತಿ ನಂಬಿಕೆ ಬಂದಿದೆ ಎಂದುಕೊಳ್ಳಬೇಡ. ಮಚ್ಚು ಇರುವುದು ನನ್ನ ತಲೆದಿಂಬಿನ ಅಡಿಯಲ್ಲೇ.

ನಿನ್ನ ಪ್ರೀತಿಯ ತಂಗಿ,
ರೋಸ್ನಾ

ತಾ.ಕ.: ಅಕ್ಕಾ, ನಾನು ಕೆಪ್ಸಿ. ಅವಳು ಹೇಳಿದಳು, ನಾನು ಬರೆದೆ, ಹೆಬ್ಬಾವಿನ ಕಣ್ಣನ್ನೂ ಬಿಡದೆ. ಅವಳು ನೀರು ತರಲು ಹೋಗಿದ್ದಾಳೆ, ಅದಕ್ಕೇ ಈ ನಾಲ್ಕು ಸಾಲು. ಬೆರಳಿಗೆ ಗಾಯ ಎಂದು ಬರೆಸಿದಳು. ಗಾಯವಲ್ಲ, ಎರಡು ಬೆರಳೂ ಇಲ್ಲ. ಇನ್ನು ಮುಂದೆ ಅವಳು ಪೆನ್ನು ಹಿಡಿಯಲಾರಳು, ಹಿಟ್ಟು ನಾದಲಾರಳು. ನಾದುವವಳು ನಾನೇ. ನೀವು ಬಂದು ನನ್ನನ್ನು ಹೊಡೆಯಬೇಕೆಂದಿದ್ದರೆ ಬನ್ನಿ, ತಡೆಯುವುದಿಲ್ಲ. ಬೆಳಗಿನ ವ್ಯಾಪಾರ ಮುಗಿದ ಮೇಲೆ ಬನ್ನಿ.