ಬಾಯ್ಡ್‌ನ ಜಗಲಿಯಲ್ಲಿ ನಮ್ಮ ಬಾವುಟ

ಫೆಬ್ರವರಿ ೯, ೨೦೨೬, ಸೋಮವಾರ. ಬೆಳಿಗ್ಗೆ ೭

ಕಾಫಿ ಕಹಿ. ಯಂತ್ರ ಕೆಟ್ಟು ತಿಂಗಳಾಯಿತು, ಆಫೀಸಿನಲ್ಲಿ ಯಾರಿಗೂ ದರಕಾರಿಲ್ಲ.

ಗೋಡೆಯ ಹಲಗೆಯ ಮೇಲೆ ಈ ವರ್ಷದ ಹನ್ನೆರಡು ಶನಿವಾರ. ಹನ್ನೆರಡೂ ತುಂಬಿದ್ದವು. ನಮ್ಮ ಒಕ್ಕೂಟದ ಕಾಲೇಜುಗಳ ಜೊತೆ ಎಂಟು ಆಟ, ಹೊರಗಿನವರ ಜೊತೆ ನಾಲ್ಕು. ಈಗ ಒಕ್ಕೂಟದ ದೊರೆಗಳ ಫೋನು — ಈ ವರ್ಷದಿಂದಲೇ ಒಳಗಿನವರ ಜೊತೆ ಒಂಬತ್ತು ಆಡಬೇಕಂತೆ. ಟೀವಿಯವರಿಗೆ ಬೇಕಂತೆ. ಟೀವಿಯವರು ಹೇಳಿದರೆ ಇವರು ಜುಲೈನಲ್ಲೇ ಕ್ರಿಸ್‌ಮಸ್ ಮಾಡುವ ಜನ.

ಹೊರಗಿನ ನಾಲ್ಕರಲ್ಲಿ ಒಂದು ಹೋಗಬೇಕು. ಯಾವುದು?

ಕಾಲ್ಡರ್ ಸ್ಟೇಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಯಾರ ಜೊತೆ, ಯಾವಾಗ ಆಡಬೇಕೆಂದು ಕೂಡಿಸುತ್ತ ನನ್ನ ಕೂದಲು ಬೆಳ್ಳಗಾಯಿತು. ನನ್ನದೊಂದು ಸೂತ್ರ. ಹೊರಗಿನವರಲ್ಲಿ ಹೆದರುವುದಕ್ಕೆ ಒಬ್ಬರು, ತಿನ್ನುವುದಕ್ಕೆ ಇಬ್ಬರು, ದ್ವೇಷಕ್ಕೆ ಒಬ್ಬರು. ದೈತ್ಯರ ಊರಿಗೆ ಹೋಗಿ ಒದೆ ತಿಂದರೆ ಹುಡುಗರಿಗೆ ತಾವೆಷ್ಟು ಎಂದು ಗೊತ್ತಾಗುತ್ತದೆ. ಕುರಿಮರಿಗಳನ್ನು ಮನೆಗೆ ಕರೆದು ಕಡಿದರೆ ಧೈರ್ಯ ಬರುತ್ತದೆ. ನವೆಂಬರ್‌ನ ಕೊನೆಯ ಶನಿವಾರ ನದಿಯಾಚೆಯ ಮೆರಿವೆದರ್ ಟೆಕ್. ಅದು ದ್ವೇಷದ್ದು. ಅದಕ್ಕೆ ಕಾರಣ ಕೇಳುವವನು ಈ ಊರಿನವನಲ್ಲ.

ಫೆಬ್ರವರಿ ೧೧, ಬುಧವಾರ

ಮೀಟಿಂಗ್. ಕೋಚ್ ಡೆಂಟನ್ ಮೇಬ್ರಿ ಬಂದ. ಮೂವತ್ತೆಂಟರ ಪೋರ, ಹಲ್ಲು ಮಾತ್ರ ಟೀವಿಗೆ ಮಾಡಿಸಿದ ಹಾಗಿವೆ.

"ಮಿಸ್ಟರ್ ಹಾಲಿಸ್, ನಂಗೆ ಎರಡು ಕುರಿಮರಿ ಬೇಕೇ ಬೇಕು. ದೈತ್ಯರ ಆಟ ಬಿಡೋಕಾಗಲ್ಲ, ಸಹಿ ಆಗಿದೆ."

"ಹಾಗಾದ್ರೆ ಉಳಿದಿದ್ದು ಮೆರಿವೆದರ್."

ಮೇಬ್ರಿ ತಲೆ ತಗ್ಗಿಸಿದ. ಅವನು ದೂರದ ಟೆಕ್ಸಸ್‌ನವನು, ಆದರೂ ಆ ಹೆಸರು ಎತ್ತಲು ಅವನಿಗೂ ಅಂಜಿಕೆ. ನಾನೇ ಎತ್ತಿದೆ. ತೆಗೆದುಬಿಡೋಣ ಎಂದೆ. ಮೆರಿವೆದರನ್ನು ಗೆದ್ದರೆ ಯಾರೂ ಬೆನ್ನು ತಟ್ಟುವುದಿಲ್ಲ, ಸೋತರೆ ಊರೇ ಉಗಿಯುತ್ತದೆ ಎಂದೆ. ಲೆಕ್ಕ ಸರಿಯಾಗಿಯೇ ಇತ್ತು. ಎಲ್ಲರೂ ತಲೆಯಾಡಿಸಿದರು.

ನಿಜವಾದ ಕಾರಣ ಇಲ್ಲಿ ಬರೆಯುತ್ತೇನೆ, ಯಾರು ಓದುತ್ತಾರೆ. ಹೋದ ನವೆಂಬರ್‌ನಲ್ಲಿ ಗೆದ್ದವರು ನಾವು. ನದಿಯ ಎರಡೂ ದಡದಲ್ಲಿ ಹಳೆಯ ಪದ್ಧತಿ — ಆಚೆ ದಡದಲ್ಲಿ ನೆಂಟರಿದ್ದವರು, ಸೋತರೆ, ಗೆದ್ದವರ ಬಾವುಟವನ್ನು ತಮ್ಮ ಜಗಲಿಗೆ ಕಟ್ಟಬೇಕು. ಅದನ್ನು ಬಿಚ್ಚುವ ಹಕ್ಕು ಗೆದ್ದ ನೆಂಟನದು. ಅದೂ ಮುಂದಿನ ವರ್ಷದ ಆಟದ ಬೆಳಿಗ್ಗೆಯೇ. ಅಲ್ಲಿಯವರೆಗೆ ಮಳೆ ಬರಲಿ, ಮದುವೆ ಬರಲಿ, ಹೆಣ ಹೊರಡಲಿ, ಬಾವುಟ ಅಲ್ಲೇ.

ಈಗ ನಮ್ಮ ಕಡುಗೆಂಪು ಬಾವುಟ ಬಾಯ್ಡ್ ಪ್ರೂಯೆಟ್‌ನ ಜಗಲಿಯಲ್ಲಿದೆ. ಬಾಯ್ಡ್ ನನ್ನ ಷಡ್ಡಕ. ನನ್ನ ಹೆಂಡತಿ ವರ್ನಾಳ ಅಕ್ಕ ಓಪಲ್‌ಳ ಗಂಡ. ಮೆರಿವೆದರ್‌ನಲ್ಲಿ ನನ್ನದೇ ಕೆಲಸ ಮಾಡುವವನು. ಅದಕ್ಕೂ ಹಿಂದಿನ ನಾಲ್ಕು ವರ್ಷ ಅವನ ಹಸಿರು ಚಿಂದಿ ನನ್ನ ಜಗಲಿಯಲ್ಲಿತ್ತು. ನಾಲ್ಕು ವರ್ಷ ಅಂಚೆಯವನೂ ನಕ್ಕ.

ಇನ್ನು ಆಟವೇ ಇಲ್ಲ. ಅಂದರೆ ನಮ್ಮ ಬಾವುಟ ಅವನ ಜಗಲಿಯಲ್ಲಿ ಶಾಶ್ವತ. ಹಾಲು ಕುಡಿದಷ್ಟು ಸಂತೋಷ.

ಫೆಬ್ರವರಿ ೧೩, ಶುಕ್ರವಾರ

ಫೋನ್ ಮಾಡಿದೆ. ಬಾಯ್ಡ್‌ಗೆ ವಿಷಯ ಹೇಳಿದೆ.

"ಲೋ ಹಾಲಿಸ್, ಮತ್ತೊಂದ್ಸಲ ಹೇಳು. ಕಿವಿ ಮಂದ ಆಗಿದೆ."

"ಈ ವರ್ಷದಿಂದ ಆಟ ಇಲ್ಲ. ಒಕ್ಕೂಟದ ಕಟ್ಟಳೆ."

"ಒಕ್ಕೂಟ ಒಂದು ತೆಗಿ ಅಂತು. ನನ್ನನ್ನೇ ತೆಗಿ ಅಂತ ಹೇಳ್ತಾ?"

"ತಂಡಕ್ಕೆ ಯಾವುದು ಒಳ್ಳೇದೋ ಅದು."

"ಥೂ! ಗೆದ್ದ ವರ್ಷವೇ ಬಾಲ ಮುದುರ್ಕೊಂಡ್ಯಲ್ಲೋ. ನಿಮ್ಮಪ್ಪ ಇದ್ದಿದ್ರೆ ನಿನ್ನ ಕಪಾಳಕ್ಕೆ ಬಿಡ್ತಿದ್ದ."

"ನಮ್ಮಪ್ಪನ ಹೆಸರು ಎತ್ತಬೇಡ."

"ಎತ್ತಲ್ಲ. ಪಾಪ, ಅವನು ಗಂಡಸು."

ಇಟ್ಟುಬಿಟ್ಟ. ಇಡಲಿ. ಬಾವುಟ ಯಾರ ಮನೆಯಲ್ಲಿದೆ?

ಮಾರ್ಚ್ ೩, ಮಂಗಳವಾರ

ಇನ್ನೂ ಒಂದು ಕೆಲಸ ಮಾಡಿದೆ. ೨೦೩೩ರವರೆಗೆ ಹೊರಗಿನವರಿಗೆ ಇದ್ದ ಖಾಲಿ ಶನಿವಾರಗಳನ್ನೆಲ್ಲ ಹಿಡಿದು ಸಣ್ಣ ಸಣ್ಣ ಕಾಲೇಜುಗಳಿಗೆ ಮಾತು ಕೊಟ್ಟು ಸಹಿ ಹಾಕಿಸಿದೆ. ಈ ಕಸುಬಿನಲ್ಲಿ ಹತ್ತು ವರ್ಷ ಮುಂಚೆಯೇ ಗಂಟು ಹಾಕುವುದು ರೂಢಿ, ಯಾರೂ ಹುಬ್ಬೇರಿಸಲಿಲ್ಲ. ನಾಳೆ ಯಾವ ಹೊಸ ಕೋಚ್ ಬಂದು ಮೆರಿವೆದರ್ ಬೇಕು ಎಂದರೂ ಜಾಗವಿರಬಾರದು. ಬಾಗಿಲಿಗೆ ಚಿಲಕವಲ್ಲ, ಇಟ್ಟಿಗೆ ಗೋಡೆ.

ವರ್ನಾಗೆ ಹೇಳಿದೆ. ಬಿಸ್ಕೆಟ್ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಆಟದ ದಿನ ಬೆಳಿಗ್ಗೆ ನಾವೆಲ್ಲಾ ಎಲ್ಲಿ ತಿಂಡಿ ತಿಂತಿದ್ವಿ?"

"ಬಾವುಟ ಬಿಚ್ಚಿದ ಮನೇಲಿ."

"ಅಕ್ಕನ ಜೊತೆ ಒಂದೇ ಮೇಜಿಗೆ ಕೂತು ವರ್ಷಕ್ಕೆ ಎರಡೇ ದಿನ ತಿಂತಿದ್ದೆ ನಾನು. ಆ ದಿನ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಒಂದನ್ನ ನೀನು ಕಿತ್ಕೊಂಡೆ."

ನದಿ ದಾಟಿದರೆ ಹದಿನೈದು ನಿಮಿಷ. ಬೇಕಾದಾಗ ಹೋಗು, ಯಾರು ಬೇಡ ಅಂದರು ಎಂದೆ. ಉಗಿದು ಉಪ್ಪಿನಕಾಯಿ ಹಾಕಿದಳು.

ಏಪ್ರಿಲ್ ೨೪, ಶುಕ್ರವಾರ

ಸುದ್ದಿ ಹೊರಬಿದ್ದು ವಾರ. ಫೋನು ಎತ್ತುವ ಹಾಗಿಲ್ಲ. ಮಿಸ್ ಯೂಲಾ ಎಂಬತ್ತೆಂಟರ ಮುದುಕಿ, ಚರ್ಚಿನ ಭಾನುವಾರದ ಶಾಲೆಯಲ್ಲಿ ನನಗೆ ಪಾಠ ಹೇಳಿದವಳು, ಫೋನ್ ಮಾಡಿ ಅಂದಳು: "ಮಗೂ, ದೈತ್ಯನ ಎದುರು ಕವಣೆ ಹಿಡಿದು ನಿಂತ ದಾವೀದನ ಕಥೆ ನಾನು ನಿನಗೆ ಹೇಳಿದ್ದೆ. ನೀನು ಓಡಿಹೋದವರ ಕಡೆ ಸೇರ್ತೀಯ ಅಂತ ಗೊತ್ತಿರ್ಲಿಲ್ಲ."

ಪೆಟ್ರೋಲ್ ಬಂಕಿನ ಎದುರು ಬೇಯಿಸಿದ ಕಡಲೆಕಾಯಿ ಮಾರುವ ಆರ್ಲೋ, ನನ್ನನ್ನು ಕಂಡ ಕೂಡಲೇ ಪಾತ್ರೆ ಮುಚ್ಚಿದ. "ಮುಗೀತು," ಅಂದ. ಹಬೆ ಏಳುತ್ತಿತ್ತು, ಬಡ್ಡೀಮಗ.

ಈ ಊರಿಗೆ ನೆನಪಿಲ್ಲ. ನಾಲ್ಕು ವರ್ಷ ಸೋತಾಗ ಇವರೇ "ಈ ಆಟ ಯಾಕೆ ಇಟ್ಟಿದ್ದೀಯ" ಎಂದು ನನ್ನ ಗೇಟಿಗೆ ಟಾಯ್ಲೆಟ್ ಪೇಪರ್ ಸುತ್ತಿದವರು.

ಜೂನ್ ೨೦, ಶನಿವಾರ

ಬೇಸಿಗೆ ಸುಡುತ್ತಿದೆ. ಸೇತುವೆ ದಾಟಿ ಹೋಗಿದ್ದೆ. ಕೆಲಸವಿತ್ತು ಎಂದು ವರ್ನಾಗೆ ಹೇಳಿದೆ. ಕೆಲಸವಿರಲಿಲ್ಲ. ಬಾವುಟ ನೋಡಿ ಕಣ್ಣು ತಂಪು ಮಾಡಿಕೊಳ್ಳಲು ಹೋಗಿದ್ದೆ.

ಬಾಯ್ಡ್‌ನ ಮನೆ ಸೇತುವೆಯಿಂದ ಇಳಿದ ಕೂಡಲೇ ಎಡಕ್ಕೆ. ಬಾವುಟ ಇತ್ತು. ಅದರ ಕೆಳಗೆ ಬಾಗಿಲಿನಗಲದ ಹಲಗೆ. ಬಿಳಿ ಬಣ್ಣ, ದೊಡ್ಡ ಅಕ್ಷರ:

ಇದನ್ನು ಬಿಚ್ಚಲು ಬರಬೇಕಾದವರು ಹೆದರಿ ಬರಲಿಲ್ಲ.

ಎರಡು ಕಾರು ನಿಲ್ಲಿಸಿಕೊಂಡು ಜನ ಫೋಟೋ ತೆಗೆಯುತ್ತಿದ್ದರು. ನಮ್ಮ ಊರಿನವರೇ! ಕಡುಗೆಂಪು ಟೋಪಿ ಹಾಕಿಕೊಂಡವರೇ!

ಬಾಯ್ಡ್ ಜಗಲಿಯ ಕುರ್ಚಿಯಲ್ಲಿ ತೂಗಾಡುತ್ತಿದ್ದ. ಕೈ ಬೀಸಿದ. ನಾನು ಕಾರು ನಿಲ್ಲಿಸಲಿಲ್ಲ.

ಮೈಯೆಲ್ಲ ಉರಿ. ನನ್ನ ಬಾವುಟದಿಂದಲೇ ನನ್ನ ಮುಖಕ್ಕೆ ಮಸಿ ಬಳಿದ. ಬಿಚ್ಚೋಣವೆಂದರೆ ಹಕ್ಕಿಲ್ಲ — ಆಟದ ಬೆಳಿಗ್ಗೆ ಮಾತ್ರ ಬಿಚ್ಚಬೇಕು. ಆಟವಿಲ್ಲ. ಇಲ್ಲದಂತೆ ಮಾಡಿದವನು ನಾನು.

ಸೆಪ್ಟೆಂಬರ್ ೧೨, ಶನಿವಾರ

ಮೊದಲ ಕುರಿಮರಿ, ಡಾಬ್ಸನ್ ವ್ಯಾಲಿ. ೬೩–೦. ಅರ್ಧ ಆಟಕ್ಕೆ ಜನ ಎದ್ದು ಹೋದರು. ವಾದ್ಯದವರು ಕೂಡ ಅರೆಮನಸ್ಸಿನಿಂದ ಊದಿದರು. ಡಾಬ್ಸನ್‌ನ ಒಬ್ಬ ಹುಡುಗನನ್ನು ಸ್ಟ್ರೆಚರ್‌ನಲ್ಲಿ ಹೊತ್ತೊಯ್ದರು. ಮೊಣಕಾಲು. ನಮ್ಮವರು ಆಗಲೂ ಇನ್ನಷ್ಟು ಅಂಕಕ್ಕೆಂದು ಚೆಂಡು ಎಸೆಯುತ್ತಲೇ ಇದ್ದರು. ಯಾರ ಮೇಲಾದರೂ ರೇಗಬೇಕೆನ್ನಿಸಿತು, ಮೇಬ್ರಿ ಸಿಕ್ಕ. "ಸಾಕು ನಿಲ್ಸಯ್ಯ," ಅಂದೆ. "ನೀವೇ ತಾನೇ ತಂದಿದ್ದು?" ಅಂದ.

ಅಕ್ಟೋಬರ್ ೩೧

ದೈತ್ಯರ ಊರಲ್ಲಿ ಒದೆ ತಿಂದದ್ದು ಬಿಟ್ಟರೆ ಗೆಲ್ಲುತ್ತಲೇ ಇದ್ದೇವೆ. ಪತ್ರಿಕೆಯವರು ದೇಶದ ಮೊದಲ ಇಪ್ಪತ್ತೈದು ತಂಡಗಳ ಪಟ್ಟಿಯಲ್ಲೂ ನಮ್ಮ ಹೆಸರು ಹಾಕಿಲ್ಲ. "ಯಾರ ಜೊತೆ ಆಡಿದ್ದೀರಿ ಸ್ವಾಮಿ?" ಅಂತ ರೇಡಿಯೋದಲ್ಲಿ ಕೇಳಿದರು. ಮೆರಿವೆದರ್ ಅವರ ಒಕ್ಕೂಟದಲ್ಲಿ ಮುಂದಿದೆ. ಅವರ ಹೆಸರು ಹದಿನೆಂಟನೆಯದು.

ಹದಿನೆಂಟು. ಬಾಯ್ಡ್ ಬೀಗುತ್ತಿರಬೇಕು, ಹಂದಿ.

ನವೆಂಬರ್ ೨೬, ಥ್ಯಾಂಕ್ಸ್‌ಗಿವಿಂಗ್

ವರ್ನಾ ಒಬ್ಬಳೇ ಅಕ್ಕನ ಮನೆಗೆ ಹೋದಳು. ನನ್ನನ್ನು ಯಾರೂ ಕರೆಯಲಿಲ್ಲ. ಕರೆದರೂ ಹೋಗುತ್ತಿರಲಿಲ್ಲ, ಆ ಹಲಗೆಯ ಕೆಳಗೆ ಹಾದು ಟರ್ಕಿ ತಿನ್ನಲೇ? ನಿನ್ನೆಯ ಹ್ಯಾಮ್, ತಣ್ಣನೆಯ ಬ್ರೆಡ್ಡು.

ಸಂಜೆ ವರ್ನಾ ಬಂದಳು. ಮೇಜಿನ ಮೇಲೆ ಒಂದು ತಟ್ಟೆ ಕುಕ್ಕಿದಳು. ಟರ್ಕಿ, ಸಿಹಿಗೆಣಸು, ಪೀಕನ್ ಪೈ. ಮೇಲೆ ಹಸಿರು ನ್ಯಾಪ್‌ಕಿನ್.

"ಬಾಯ್ಡ್ ಕಳ್ಸಿದಾನೆ. ಏನಂದ ಗೊತ್ತಾ? ಓಡಿಹೋದವ್ರಿಗೂ ಹಸಿವಾಗುತ್ತೆ, ಕೊಡು ಅಂದ."

ತಿನ್ನಬಾರದು ಎಂದುಕೊಂಡೆ. ಪೈ ತಿಂದೆ. ಓಪಲ್‌ಳ ಪೈ ಮೇಲೆ ಯಾರಿಗೂ ಸಿಟ್ಟಿಲ್ಲ.

ನವೆಂಬರ್ ೨೭, ಶುಕ್ರವಾರ. ಸಂಜೆ

ಒಕ್ಕೂಟದ ಒಂಬತ್ತನೆಯ ಆಟ. ಟೀವಿಯವರು ಶನಿವಾರದಿಂದ ಶುಕ್ರವಾರಕ್ಕೆ ಎಳೆದರು. ಎದುರಾಳಿಗಳು ಎರಡು ವಿಮಾನ ಬದಲಿಸಿ ಬಂದವರು. ಅವರನ್ನು ಬೈಯಲು ನಮ್ಮ ಜನಕ್ಕೆ ಒಂದು ಬೈಗಳೂ ಹೊಳೆಯಲಿಲ್ಲ. ಏನೆಂದು ಬೈಯುವುದು? ಅವರ ಊರಲ್ಲಿ ನಮ್ಮ ಅತ್ತೆ ಮಾವ ಯಾರೂ ಇಲ್ಲ. ಗೆದ್ದೆವು. ಗೆದ್ದ ಖುಷಿಗೆ ಗೋಲುಕಂಬ ಕೀಳಲು ಯಾರೂ ಮೈದಾನಕ್ಕೆ ಇಳಿಯಲಿಲ್ಲ. ಜನ ಜಾಕೆಟ್ ಕೊಡವಿ ಮನೆಗೆ ಹೋದರು.

ಮೇಬ್ರಿ ಪಕ್ಕಕ್ಕೆ ಕರೆದ. "ಮಿಸ್ಟರ್ ಹಾಲಿಸ್, ಮೆರಿವೆದರ್ ವಾಪಸ್ ತನ್ನಿ. ಮುಂದಿನ ವರ್ಷವೇ."

"ಕುರಿಮರಿ ಬೇಕು ಅಂದೋನು ನೀನು."

"ಅಂದೆ. ಈಗ ಬೇಡ ಅಂತಿದೀನಿ. ನನ್ನ ಹುಡುಗ್ರು ಇವತ್ತು ಗೆದ್ದು ಬಂದು ಷೂ ಬಿಚ್ತಾ ಫೋನ್ ನೋಡ್ತಿದ್ರು ಸರ್. ಯಾರೂ ಅಳಲಿಲ್ಲ, ಯಾರೂ ಕೂಗಲಿಲ್ಲ."

ಇಟ್ಟಿಗೆ ಗೋಡೆ ನಾನೇ ಕಟ್ಟಿದ್ದೇನೆ ಎಂದು ಅವನಿಗೆ ಹೇಳಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ನವೆಂಬರ್ ೨೮, ಶನಿವಾರ

ಆಟ ಇರಬೇಕಾಗಿದ್ದ ದಿನ. ಬೆಳಿಗ್ಗೆಯೇ ಕೋಟು ಹಾಕಿಕೊಂಡು ಸೇತುವೆ ದಾಟಿದೆ. ವರ್ನಾ ಕೇಳದೆ ಕಾರು ಹತ್ತಿದಳು.

ಬಾಯ್ಡ್ ಜಗಲಿಯಲ್ಲೇ ಇದ್ದ. ಏಳಲಿಲ್ಲ.

"ಬಿಚ್ಚೋಕೆ ಬಂದ್ಯಾ? ಇವತ್ತು ಆಟ ಇಲ್ಲ ಕಣೋ."

"ದಿನ ಕೇಳೋಕೆ ಬಂದೆ."

"ಏನು?"

"ಆಡೋಕೆ ದಿನ. ಕೊಡ್ತೀಯೋ ಇಲ್ವೋ?"

ಬಾಯ್ಡ್ ಎದ್ದ. ಒಳಗೆ ಹೋಗಿ ತನ್ನ ಕ್ಯಾಲೆಂಡರ್ ತಂದ. ಮೆಟ್ಟಿಲ ಮೇಲೆ ಕೂತೆವು, ನಡುವೆ ಒಂದು ಆಳಿನಷ್ಟು ಜಾಗ ಬಿಟ್ಟು. ಮುಂದಿನ ವರ್ಷ ಅವನ ಕೈಯಲ್ಲಿ ಒಂದು ಶನಿವಾರವಿತ್ತು, ನನ್ನ ಕೈಯಲ್ಲಿ ಡಾಬ್ಸನ್ ವ್ಯಾಲಿ. ಅದರಾಚೆ ವರ್ಷವೂ ಅವನಲ್ಲಿ ಜಾಗ, ನನ್ನಲ್ಲಿ ಕುರಿಮರಿ. ಪುಟ ತಿರುವಿದಂತೆಲ್ಲ ಬಾಯ್ಡ್‌ನ ಮುಖ ಕೆಂಪೇರಿತು.

"ಇಷ್ಟೊಂದು ಕುರಿ ಯಾವಾಗ ಕಟ್ಟಿದ್ಯೋ?"

"ಮಾರ್ಚ್‌ನಲ್ಲಿ."

"ಯಾಕೆ?"

"ನೀನು ಬರಬಾರದು ಅಂತ."

ಬಾಯ್ಡ್ ಕ್ಯಾಲೆಂಡರನ್ನು ಅಂಗಳಕ್ಕೆ ಎಸೆದ. ಓಪಲ್ ಹೊರಗೆ ಬಂದು ಅದನ್ನು ಎತ್ತಿಕೊಟ್ಟು ಒಳಗೆ ಹೋದಳು. ಮತ್ತೆ ಕೂತೆವು. ಇಬ್ಬರಿಗೂ ಬಿಡುವಿದ್ದ ಮೊದಲ ಶನಿವಾರ ಸಿಕ್ಕಿತು. ೨೦೩೪, ನವೆಂಬರ್ ೨೫.

ನನಗೆ ಆಗ ಅರವತ್ತೊಂಬತ್ತು. ಬಾಯ್ಡ್‌ಗೆ ಎಪ್ಪತ್ತೆರಡು. ಅವನಿಗೆ ಹೋದ ಚಳಿಗಾಲದಲ್ಲೇ ಎದೆಗೆ ಸ್ಟೆಂಟ್ ಹಾಕಿದ್ದಾರೆ.

"ಬರ್ಕೋ," ಅಂದ. ಬರೆದುಕೊಂಡೆ. ಕೈ ಕುಲುಕಲಿಲ್ಲ.

ಆಮೇಲೆ ತಲೆಯೆತ್ತಿ ಬಾವುಟ ತೋರಿಸಿದ. ಬಿಸಿಲಿಗೆ ಬಣ್ಣ ಹೋಗಿ ಹಳೇ ಇಟ್ಟಿಗೆಯಂತಾಗಿದೆ, ಅಂಚು ಹರಿದಿದೆ. "ಇದು ಅಲ್ಲೀವರೆಗೆ ತಡೆಯಲ್ಲ. ಚಿಂದಿ ಕಟ್ಕೊಂಡು ಕೂರೋಕೆ ನಾನೇನು ಭಿಕಾರಿನಾ? ಗಟ್ಟಿಯಾಗಿರೋದು ತಂದ್ಕೊಡು. ಇದರ ಮೇಲೇ ಕಟ್ತೀನಿ. ಇದನ್ನ ಬಿಚ್ಚೋ ಹಾಗಿಲ್ಲ."

"ಹಲಗೆ ತೆಗಿ, ತಂದ್ಕೊಡ್ತೀನಿ."

"ಹಲಗೆ ಯಾಕೆ ತೆಗೀಲಿ? ಬರ್ದಿರೋದು ಸುಳ್ಳಾ?"

ಸುಳ್ಳಲ್ಲ. ನಮ್ಮ ಊರಿಗೆ ವಾಪಸ್ ಬಂದು ಅಂಗಡಿಯಲ್ಲಿದ್ದ ಅತಿ ದಪ್ಪ ಬಟ್ಟೆಯ ಬಾವುಟ ಕೊಂಡೆ, ಮತ್ತೆ ಹೋದೆ. ಬಾಯ್ಡ್ ಏಣಿ ಇಟ್ಟು ತಾನೇ ಹತ್ತಿದ. ಸೋತವನೇ ಕಟ್ಟಬೇಕು, ಅದು ಪದ್ಧತಿ. ಮೂರನೇ ಮೆಟ್ಟಿಲಿಗೆ ಉಸಿರು ಸಿಕ್ಕಿಕೊಂಡಿತು. ಕೆಳಗೆ ಏಣಿ ಹಿಡಿದವನು ನಾನು. ಅವನ ಕಾಲು ನಡುಗುವುದು ಏಣಿಯಲ್ಲೇ ನನ್ನ ಕೈಗೆ ಗೊತ್ತಾಗುತ್ತಿತ್ತು.

ಬಾಗಿಲಲ್ಲಿ ಅಕ್ಕತಂಗಿಯರು ನಿಂತಿದ್ದರು. ಓಪಲ್ ಕೇಳಿದಳು: "ಆವಾಗ ಈ ಏಣಿ ಹತ್ತೋರು ಯಾರು, ನಿಮ್ಮಿಬ್ಬರಲ್ಲಿ?"

ಬಾಯ್ಡ್ ಗಂಟು ಬಿಗಿದು ನಿಧಾನವಾಗಿ ಇಳಿದ. ಅಂಗಿ ಒದ್ದೆ. ಕೊನೆಯ ಮೆಟ್ಟಿಲಲ್ಲಿ ನನ್ನ ಹೆಗಲು ಹಿಡಿದ, ಬಿಡಲಿಲ್ಲ.

"ಹೇಡಿ ನನ್ಮಗನೇ," ಅಂದ. "ಬಿಚ್ಚೋಕೆ ನೀನೇ ಬರ್ಬೇಕು. ಬೇರೆಯವ್ರನ್ನ ಕಳಿಸಿದ್ರೆ ಮೆಟ್ಟಿಲು ಹತ್ತಿಸಲ್ಲ. ಬರ್ತೀಯಾ?"

ನಾನು ಅವನ ಕೈ ಕೊಡವಬೇಕೆಂದುಕೊಂಡೆ, ಕೊಡವಲಿಲ್ಲ. "ಏಣಿ ಹಿಡಿಯೋಕೆ ನೀನಿರ್ಬೇಕು, ಬರ್ತೀನಿ," ಅಂದೆ.