ಹನ್ನೊಂದನೇ ಹಾಸಿಗೆಯ ನೆಟ್‌ವರ್ಕ್

೧೪ ಸೆಪ್ಟೆಂಬರ್, ಭಾನುವಾರ ಬೆಳಿಗ್ಗೆ

ನನ್ನ ಮುಂಗೋಪಿ ಮಗಳಿಗೆ,

ಮೊದಲು ಆಶೀರ್ವಾದ ತಗೋ, ಬೈಗುಳ ಆಮೇಲೆ ಕೊಡುವೆಯಂತೆ. ನೀನು ಪ್ರಶ್ನೆ ಕೇಳಿದ್ದು ಜೂನ್ ತಿಂಗಳಲ್ಲಿ, ನಾನು ಉತ್ತರ ಬರೆಯಲು ಕೂತದ್ದು ಈಗ. ನಡುವೆ ನೀನು ಕಳಿಸಿದ ಮೆಸೇಜುಗಳಿಗೆಲ್ಲ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದೆ. "ಅಪ್ಪನಿಗೆ ಹೆಬ್ಬೆರಳು ಬಿಟ್ಟು ಬೇರೆ ಬೆರಳೇ ಇಲ್ವಾ?" ಎಂದು ನೀನು ಬರೆದದ್ದನ್ನು ಓದಿ ಕ್ರೇನಿನ ಕ್ಯಾಬಿನ್ನಿನಲ್ಲಿ ಒಬ್ಬನೇ ನಕ್ಕೆ. ತಡವಾದದ್ದು ಸೋಮಾರಿತನದಿಂದಲ್ಲ. ನೀನು ತಲೆಗೆ ಹುಳ ಬಿಟ್ಟೆ, ನಾನು ಅದರ ಹಿಂದೆ ಹೋದೆ, ಅಷ್ಟೆ.

ನಾನು ಕ್ಷೇಮ. ಮೊಣಕಾಲು ಮಾತ್ರ ಏಣಿ ಹತ್ತುವಾಗ ಗೊಣಗುತ್ತದೆ, ಇಳಿಯುವಾಗ ಬೈಯುತ್ತದೆ. ಕಟ್ಟಡ ಹದಿನಾಲ್ಕನೇ ಮಹಡಿಗೆ ಬಂದಿದೆ, ಅದರ ಜೊತೆಗೆ ನನ್ನ ಕ್ರೇನೂ ಎತ್ತರವಾಗಿದೆ. ಕೆಳಗೆ ನಿಂತು ನನಗೆ ಕೈಸನ್ನೆ ಕೊಡುವ ಕೊಕ್ಕರೆ ಇನ್ನೂ ಹಾಗೇ ಇದ್ದಾನೆ, ಅದೇ ಉದ್ದ ಕಾಲು, ಅದೇ ಉದ್ದ ಕತ್ತು. ನಿನ್ನನ್ನು ಕೇಳಿದ. ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ನಿನ್ನ ಕೆಲಸ ಕಾಯಂ ಆಯಿತು ಎಂದೆ. ತನ್ನ ಮುರಿದ ಹಲ್ಲು ತೋರಿಸಿ, "ಮನೆಯವ್ರಿಗೆ ಅಂತ ಏನಾದ್ರೂ ರಿಯಾಯ್ತಿ ಇದೆಯಾ ಕೇಳಣ್ಣ" ಎಂದ. ಕೇಳಿದ್ದೇನೆ, ನೋಡಿಕೋ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. "ಅವತ್ತು ಆಸ್ಪತ್ರೆಯಿಂದ ವಿಡಿಯೋ ಕಾಲ್ ಮಾಡಿದಾಗ ಅಮ್ಮನ ಕೈಗಳು ಯಾಕೆ ಚೂರುಚೂರಾಗಿ ಕಂಡವು? ನೆಟ್‌ವರ್ಕ್ ಇರಲಿಲ್ವಾ, ಬ್ಯಾಟರಿ ಇರಲಿಲ್ವಾ?" ಎಂದು ಕೇಳಿದ್ದೆ. ಬೇರೆ ಮಕ್ಕಳಾದರೆ ಕರಕರ ಅನ್ನುವ ದನಿಯಲ್ಲೂ ಅರ್ಧ ಮಾತು ಹಿಡಿದುಕೊಳ್ಳುತ್ತಾರೆ. ಹುಟ್ಟಿದಾಗಿನಿಂದ ಕಿವಿ ಕೇಳದ ನಿನಗೆ ಬೆರಳು ಕಾಣಬೇಕು. ಅಮ್ಮನ ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ದರಿಂದ ಅವಳಿಗೂ ಉಳಿದದ್ದು ಕೈ ಮಾತ್ರ. ನಾಲ್ಕು ನಿಮಿಷ ಅವಳು ನಿನ್ನ ಹತ್ತಿರ ಮಾತಾಡಿದಳು. ನಿನಗೆ ಅದರಲ್ಲಿ ಒಂದೂ ಸಿಕ್ಕಲಿಲ್ಲ. ಮಾರನೇ ದಿನ ನಿನ್ನ ರೈಲು ಬರುವಷ್ಟರಲ್ಲಿ ಅವಳು ಇರಲಿಲ್ಲ. ಹಾಗಾಗಿ ನಿನ್ನ ಪ್ರಶ್ನೆಗೆ ಬಾಯಿಗೆ ಬಂದ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ.

ನನ್ನ ಒಂದು ಹಳೆಯ ಅಭ್ಯಾಸ ನಿನಗೆ ಗೊತ್ತಿಲ್ಲ. ಕ್ಯಾಬಿನ್ನಿನಲ್ಲಿ ಚಾರ್ಜಿಗೆ ಪ್ಲಗ್ಗಿಲ್ಲ. ಒಮ್ಮೆ ಹತ್ತಿದರೆ ಇಳಿಯುವುದು ಸಂಜೆಗೇ. ಅದಕ್ಕೆ ನಾವು ಕ್ರೇನಿನವರು ಏಣಿಗೆ ಕಾಲಿಡುವ ಮೊದಲು ಮೂರು ಕೆಲಸ ಮಾಡುತ್ತೇವೆ: ಬೆಲ್ಟ್ ಬಿಗಿ ಮಾಡುವುದು, ಹೆಲ್ಮೆಟ್ ಪಟ್ಟಿ ಎಳೆಯುವುದು, ಫೋನನ್ನು ತ್ರೀಜಿಗೆ ಇಳಿಸುವುದು. ವೇಗ ಹೋಗುತ್ತದೆ, ಬ್ಯಾಟರಿ ಉಳಿಯುತ್ತದೆ. ನನಗೆ ಇದನ್ನು ಹೇಳಿಕೊಟ್ಟವನು ನನ್ನ ಗುರು, ಈಗ ನಾನು ಹೊಸಬರಿಗೆಲ್ಲ ಹೇಳಿಕೊಡುತ್ತೇನೆ. ಆದರೆ ಯಾಕೆ ಹಾಗಾಗುತ್ತದೆ ಎಂದು ಇಷ್ಟು ವರ್ಷ ಯೋಚಿಸಿರಲೇ ಇಲ್ಲ. ನೀನು ಕೇಳಿದ ಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ.

ಮೊದಲ ವಾರ ಫೋನನ್ನು ಅದರ ಪಾಡಿಗೆ ಬಿಟ್ಟೆ, ಫೈವ್‌ಜಿ ಸಿಕ್ಕರೆ ಫೈವ್‌ಜಿ. ಗಂಟೆಗೊಮ್ಮೆ, ಹುಕ್ಕಿನಲ್ಲಿ ಭಾರ ಇಲ್ಲದಾಗ ಮಾತ್ರ, ತೆಗೆದು ನೋಡಿ ಬರೆದುಕೊಂಡೆ. ಬೆಳಿಗ್ಗೆ ಏಳಕ್ಕೆ ಬ್ಯಾಟರಿ ನೂರು ಪರ್ಸೆಂಟ್ ಇದ್ದದ್ದು ಊಟದ ಹೊತ್ತಿಗೆ ನಲವತ್ತೊಂದು, ಮೂರು ಗಂಟೆಗೆ ಫೋನು ಗೊಟಕ್. ಎರಡನೇ ವಾರ ಫೋರ್‌ಜಿಗೆ ಕಟ್ಟಿಹಾಕಿದೆ, ಸಂಜೆ ಐದಕ್ಕೆ ನಲವತ್ತಾರು ಉಳಿಯಿತು. ಮೂರನೇ ವಾರ ತ್ರೀಜಿ, ಎಪ್ಪತ್ತೊಂದು. ಅಂದರೆ ಗುರು ಹೇಳಿದ್ದು ಸರಿ ಎಂದುಕೊಂಡೆ. ಆಮೇಲೆ ಒಂದು ವಾರ ಜ್ವರ ಬಂದು ಮನೆಯಲ್ಲಿ ಬಿದ್ದುಕೊಂಡಿದ್ದೆ (ಈಗ ವಾಸಿ, ಗಾಬರಿ ಬೇಡ). ಮಲಗಿದಲ್ಲೇ ಅದನ್ನೂ ಬರೆದೆ. ಮನೆಯಲ್ಲಿ ಫೈವ್‌ಜಿ ಹಾಕಿಟ್ಟರೂ ಸಂಜೆಗೆ ಎಪ್ಪತ್ತೆಂಟು! ಅದೇ ಫೋನು, ಅದೇ ಬ್ಯಾಟರಿ. ನನ್ನ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು.

ಸೈಟಿನ ಗೇಟಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇದೆಯಲ್ಲ, ಅಲ್ಲಿನ ಹೆಂಗಸಿನ ಹತ್ತಿರ ನೋಟ್‌ಬುಕ್ ತೆಗೆದುಕೊಂಡು ಹೋದೆ. ಆಕೆ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ಪುಟ ತಿರುಗಿಸಿ, "ಅಣ್ಣಾ, ಕಂಪನಿಯವ್ರೂ ಇಷ್ಟು ಬರೆದಿಡಲ್ಲ" ಎಂದರು. ಆಮೇಲೆ ವಿವರಿಸಿದರು.

"ಸ್ಪೀಡಿಗೆ ಅಂತ ಫೋನು ಬ್ಯಾಟರಿ ತಿನ್ನೋದು ಕಮ್ಮಿ ಅಣ್ಣ. ಟವರ್ ಹುಡುಕೋಕೇ ಜಾಸ್ತಿ ತಿನ್ನುತ್ತೆ. ನೀವು ಅಷ್ಟು ಮೇಲೆ ಕೂತ್ರೆ ಅದಕ್ಕೆ ಸುತ್ತಮುತ್ತಲ ಟವರ್‌ಗಳೆಲ್ಲ ಕಾಣ್ತವೆ. ಇದರ ಹತ್ರ ಹೋಗ್ಲಾ, ಅದರ ಹತ್ರ ಹೋಗ್ಲಾ ಅಂತ ದಿನವೆಲ್ಲ ಒದ್ದಾಡುತ್ತೆ. ಇನ್ನು ಸಿಗ್ನಲ್ ಸರಿಯಾಗಿ ಬಾರದ ಮೂಲೇಲಿ ಇಟ್ರೆ, ದೂರದವರನ್ನ ಕೂಗಿದ ಹಾಗೆ ಕೂಗಿ ಕೂಗಿ ಸುಸ್ತಾಗುತ್ತೆ."

"ಹಾಗಾದ್ರೆ ತ್ರೀಜಿಗೆ ಹಾಕೋದು ತಪ್ಪಾ?"

"ಜೇಬಲ್ಲಿ ಸುಮ್ನೆ ಬಿದ್ದಿರೋಕೆ ಸರಿ. ಕೆಲಸ ಮಾಡ್ಸೋಕೆ ತಪ್ಪು. ವಿಡಿಯೋಗೆ ಅಗಲವಾದ ದಾರಿ ಬೇಕು. ಅದನ್ನ ಸಂದೀಲಿ ತುರುಕಿದ್ರೆ ಚಿತ್ರಾನೂ ಹಾಳು, ಬ್ಯಾಟರೀನೂ ಹಾಳು. ಸಿಗ್ನಲ್ ಚೆನ್ನಾಗಿರೋ ಕಡೆ ನಿಂತು ಜೋರು ನೆಟ್‌ವರ್ಕಲ್ಲಿ ಮಾತಾಡಿ. ಮುಗಿದ ಮೇಲೆ ಬೇಕಾದ್ರೆ ಇಳಿಸಿ."

ಇಷ್ಟು ಕೇಳಿದ ಮೇಲೆ ನನಗೆ ಆ ವಾರ್ಡನ್ನು ನೋಡದೆ ಇರಲಾಗಲಿಲ್ಲ. ಹೋದ ತಿಂಗಳು ಒಂದು ಬುಧವಾರ ರಜೆ ಹಾಕಿ ಆಸ್ಪತ್ರೆಗೆ ಹೋದೆ. ವಾರ್ಡಿನ ದೊಡ್ಡ ಸಿಸ್ಟರ್ ನನ್ನನ್ನು ಗುರುತು ಹಿಡಿದರು. "ಹನ್ನೊಂದನೇ ಹಾಸಿಗೆ ಹತ್ರ ಹತ್ತು ನಿಮಿಷ ಫೋನ್ ಹಿಡ್ಕೊಂಡು ನಿಲ್ಲಬೇಕು" ಎಂದರೆ ಯಾರಾದರೂ ಹುಚ್ಚ ಎನ್ನುತ್ತಾರೆ. ಆಕೆ ಹಾಗೆನ್ನಲಿಲ್ಲ. ಅಮ್ಮ ಮಲಗಿದ್ದ ಆ ಹಾಸಿಗೆ ಅವತ್ತು ಖಾಲಿಯಿತ್ತು.

ಸೈಟಿನಲ್ಲಿ ಕೊಕ್ಕರೆ ಫೋನಿನ ಎದುರು ನಿಂತು ನನಗೆ ಕೈಸನ್ನೆ ಕೊಡಬೇಕು ಎಂದು ಮೊದಲೇ ಒಪ್ಪಂದ. ಹಾಸಿಗೆಯ ಪಕ್ಕ ತ್ರೀಜಿಯಲ್ಲಿ ಅವನು ಹೆಚ್ಚಿದ ತರಕಾರಿಯ ಹಾಗೆ ಕಂಡ. ಅದೇ ಜಾಗದಲ್ಲಿ ಫೋರ್‌ಜಿ ಹಾಕಿದೆ. ಸ್ವಲ್ಪ ಹೊತ್ತು ಕಾಣುತ್ತಾನೆ, ಕೈ ಮೇಲೆತ್ತಿದವನು ಅಲ್ಲೇ ಕಲ್ಲಾಗುತ್ತಾನೆ. ಪಕ್ಕದ ಹಾಸಿಗೆಯ ಅಜ್ಜಿ ಇಣುಕಿ ನೋಡಿ, "ಪಾಪ, ಅವನಿಗೇನಾಗಿದೆ?" ಎಂದರು. ಆಮೇಲೆ ಕಿಟಕಿಯ ಹತ್ತಿರ ಹೋದೆ. ಹಾಸಿಗೆಯಿಂದ ಐದು ಹೆಜ್ಜೆ. ಸಿಗ್ನಲ್ ಒಂದು ಗೆರೆಯಿಂದ ನಾಲ್ಕಕ್ಕೆ ಏರಿತು. ಫೋರ್‌ಜಿಯಲ್ಲೇ ಕೊಕ್ಕರೆಯ ಐದೂ ಬೆರಳು, ಉಗುರಿನ ಸಿಮೆಂಟು, ಮುರಿದ ಹಲ್ಲು ಎಲ್ಲ ಕಂಡಿತು. ನಾಲ್ಕು ನಿಮಿಷಕ್ಕೆ ಬ್ಯಾಟರಿ ಇಳಿದದ್ದು ಬರೀ ಎರಡು.

ಕಿಟಕಿಯ ಹತ್ತಿರ ನಾನು ಹಾಗೇ ನಿಂತಿದ್ದನ್ನು ನೋಡಿ ದೊಡ್ಡ ಸಿಸ್ಟರ್ ಬಂದರು. ವಿಷಯ ಹೇಳಿದೆ. ಅವರು ಹಾಸಿಗೆಯ ಕಾಲಿನ ಕಡೆ ನೋಡಿದರು. "ಇದಕ್ಕೆ ಚಕ್ರ ಇದೆಯಲ್ಲ ಸರ್. ಒಂದು ಮಾತು ಕೇಳಿದ್ರೆ ಕಿಟಕಿ ಹತ್ರ ನಾವೇ ತಳ್ಳಿ ಕೊಡ್ತಿದ್ವಿ." ಅವರ ಎದುರೇ ಅತ್ತುಬಿಟ್ಟೆ ಮಗಾ. ಆಕೆ ಸ್ಟೂಲ್ ಎಳೆದು ಕೊಟ್ಟು ತಮ್ಮ ಕೆಲಸಕ್ಕೆ ಹೋದರು.

ಅವತ್ತು ನಡೆದದ್ದು ಇಷ್ಟು. ಅಮ್ಮನಿಗೆ ಉಸಿರು ಸಿಕ್ಕುತ್ತಿಲ್ಲ ಎಂದು ನೆರೆಮನೆಯವರು ಫೋನು ಮಾಡಿದಾಗ ನಾನು ಮೇಲಿದ್ದೆ. ಇಳಿದು ಬಂದವನು ಬೆಲ್ಟ್ ಬಿಚ್ಚಿದೆ, ಹೆಲ್ಮೆಟ್ ಎಸೆದೆ, ಫೋನನ್ನು ತ್ರೀಜಿಯಲ್ಲೇ ಬಿಟ್ಟೆ. ಯಾವಾಗಲೂ ನಿನ್ನ ಜೊತೆ ಮಾತಾಡುತ್ತಿದ್ದ ಅಮ್ಮನ ಫೋನು ಗಡಿಬಿಡಿಯಲ್ಲಿ ಮನೆಯಲ್ಲೇ ಉಳಿದಿತ್ತು. ನನ್ನದರಲ್ಲಿ ಮೂವತ್ತೆರಡು ಬ್ಯಾಟರಿ ಇತ್ತು, ಐದು ಹೆಜ್ಜೆಯಲ್ಲಿ ನೆಟ್‌ವರ್ಕ್ ಇತ್ತು. ಎರಡೂ ಇದ್ದವು. ನಾನು ಒತ್ತಬೇಕಾದದ್ದನ್ನು ಒತ್ತಲಿಲ್ಲ. ನಿನ್ನ ಪ್ರಶ್ನೆಗೆ ನಾನು ಕಂಡುಹಿಡಿದ ಉತ್ತರ ಇದು. ಕೋಪ ಬಂದರೆ ಪೂರ್ತಿ ಬರಲಿ, ಅರ್ಧಂಬರ್ಧ ಬೇಡ.

ನಿನ್ನ ಫೋನೂ ಮಧ್ಯಾಹ್ನಕ್ಕೇ ಮಲಗುತ್ತದೆ ಎಂದು ಬರೆದಿದ್ದೆಯಲ್ಲ, ಅದಕ್ಕೂ ಕಾರಣ ಸಿಕ್ಕಿದೆ. ನಿನ್ನ ಲ್ಯಾಬು ನೆಲಮಾಳಿಗೆಯಲ್ಲಿದೆ. ನೀನು ಹಲ್ಲಿನ ಸೆಟ್ ಉಜ್ಜುತ್ತಿರುವಷ್ಟು ಹೊತ್ತೂ ಅದು ಅಲ್ಲಿ ಟವರ್ ಹುಡುಕುತ್ತಾ ಕೂಗಾಡುತ್ತಿರುತ್ತದೆ. ಲ್ಯಾಬಿನ ವೈಫೈಗೆ ಹಾಕಿ ಮೊಬೈಲ್ ನೆಟ್‌ವರ್ಕ್ ಆಫ್ ಮಾಡು, ಇಲ್ಲವಾದರೆ ಮೆಟ್ಟಿಲ ಮೇಲಿನ ಕಪಾಟಿನಲ್ಲಿಡು. ಹೊಸ ಬ್ಯಾಟರಿ ಹಾಕಿಸಬೇಡ. ರಿಪೇರಿ ಅಂಗಡಿಯವರೇ ಹೀಗೆ ಹೇಳಿದ್ದಾರೆ, ನಂಬು.

ಇನ್ನೊಂದು ಸುದ್ದಿ. ನಗಬಾರದು. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ತಂದೆತಾಯಿಗಳಿಗೆ ಕೈಭಾಷೆ ಕಲಿಸುತ್ತಾರೆ. ನಾನು ಸೇರಿ ಏಳು ವಾರವಾಯಿತು. ಉಳಿದವರೆಲ್ಲ ಮೂರು ನಾಲ್ಕು ವರ್ಷದ ಮಕ್ಕಳ ಅಪ್ಪ ಅಮ್ಮಂದಿರು. ನರೆತ ಮೀಸೆ ನನ್ನದೊಂದೇ. "ನಿಮ್ಮ ಮಗುವಿಗೆ ಎಷ್ಟು ವರ್ಷ?" ಎಂದು ಒಬ್ಬಳು ತಾಯಿ ಕೇಳಿದಳು. ಇಪ್ಪತ್ತಾರು ಎಂದೆ. ತನ್ನ ಪಕ್ಕದ ಕುರ್ಚಿಯನ್ನು ನನ್ನ ಕಡೆಗೆ ಸರಿಸಿದಳು. ನನ್ನ ಕೈ ಚಿಕ್ಕದಾಗಿ ಆಡುವುದೇ ಇಲ್ಲ. 'ನೀರು' ಎಂದು ತೋರಿಸುವಷ್ಟರಲ್ಲಿ ಪಕ್ಕದವರ ಕನ್ನಡಕ ಹಾರಿತು. "ನಿಧಾನ ಸರ್, ಕಬ್ಬಿಣ ಇಳಿಸ್ತಿಲ್ಲ ನೀವು" ಎಂದು ಟೀಚರಮ್ಮ ಬೈದರು. ಈಗ ಹಸಿವು, ನಿದ್ದೆ, ಕೆಲಸ, ಬಸ್ಸು, ನಾಳೆ ಇಷ್ಟೆಲ್ಲ ಬರುತ್ತವೆ. ಮುಂದಿನ ಸಲ ವಿಡಿಯೋದಲ್ಲಿ ಹೆಬ್ಬೆರಳು ತೋರಿಸುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಲ್ಲಿನ ಪುಡಿ ಹಾರುವಾಗ ಮುಖಕ್ಕೆ ಬಟ್ಟೆ ಕಟ್ಟಿಕೋ. ನಿನ್ನ ಕಣ್ಣು, ನಿನ್ನ ಕೈ ಎರಡೂ ತಂಪಾಗಿರಲಿ. ಕೆಲಸದಲ್ಲಿ ನಿನ್ನನ್ನು ಮೀರಿಸುವವರು ಇರಲಿ, ಆಗ ನೀನು ಇನ್ನೂ ಕಲಿಯುತ್ತೀಯ. ಸದಾ ನಗುನಗುತ್ತಾ ಇರು ಎಂದು ಹರಸುವ,

ನಿನ್ನ ಅಪ್ಪ

ಮತ್ತೆ ಸೇರಿಸಿದ್ದು:

ಕವರಿಗೆ ಅಂಟು ಹಚ್ಚಿದ್ದೆ, ಬಿಚ್ಚಿದೆ.

"ಅಮ್ಮ ನನಗೆ ಏನು ಹೇಳಿದಳು?" ಎಂದು ನೀನು ಊರಿಗೆ ಬಂದಿಳಿದ ದಿನ ಕಾಗದದ ಮೇಲೆ ಬರೆದು ಕೇಳಿದಾಗ, ಕೆಳಗೆ "ಚೆನ್ನಾಗಿರು ಅಂದಳು" ಎಂದು ಬರೆದು ಕೊಟ್ಟೆ. ಅದು ಸುಳ್ಳು. ಚಿತ್ರ ಒಡೆದದ್ದು ನಿನ್ನ ಕಡೆಗೆ ಮಾತ್ರ. ನಾನು ಅವಳಿಂದ ಎರಡಡಿ ದೂರದಲ್ಲಿ ಫೋನು ಹಿಡಿದು ನಿಂತಿದ್ದೆ. ಅವಳ ಒಂದೊಂದು ಬೆರಳೂ ನನಗೆ ಕಂಡಿತು, ಒಂದೂ ಅರ್ಥವಾಗಲಿಲ್ಲ. ಮೂವತ್ತು ವರ್ಷ ನೆಲದ ಮೇಲೆ ನಿಂತವರ ಕೈ ನೋಡಿ ಭಾರ ಇಳಿಸಿದವನು ನನ್ನ ಮನೆಯ ಎರಡು ಜೊತೆ ಕೈಗಳ ಮಾತು ಕಲಿಯಲಿಲ್ಲ. ಬೇಕಾದ್ದನ್ನು ಅಮ್ಮ ಬಾಯಲ್ಲಿ ಹೇಳುತ್ತಿದ್ದಳಲ್ಲ, ಸಾಕು ಎಂದುಕೊಂಡಿದ್ದೆ. ಎಲ್ಲ ಹೇಳಿ ಮುಗಿಸಿ ಅವಳು ನನ್ನ ಮುಖ ನೋಡಿದಳು. ನಾನು ಗೊತ್ತಾಯಿತು ಎನ್ನುವ ಹಾಗೆ ತಲೆಯಾಡಿಸಿದೆ. ಅವಳು ನೆಮ್ಮದಿಯಿಂದ ಕಣ್ಣು ಮುಚ್ಚಿಕೊಂಡಳು.

ಆದರೆ ಕೈಸನ್ನೆ ನೆನಪಿಟ್ಟುಕೊಳ್ಳುವುದು ನನ್ನ ಕಸುಬು. ಒಂಬತ್ತು ಚಲನೆಗಳಿದ್ದವು. ಅವತ್ತು ಸಂಜೆಯೇ ಆಸ್ಪತ್ರೆಯ ಚೀಟಿಯ ಹಿಂದೆ ಒಂದಾದ ಮೇಲೊಂದು ಬರೆದಿಟ್ಟಿದ್ದೇನೆ, ಯಾವ ಕೈ, ಎಷ್ಟು ಬೆರಳು, ಎಲ್ಲಿ ತಾಗಿತು, ಎಷ್ಟು ಸಲ. ಟೀಚರಮ್ಮನಿಗೆ ತೋರಿಸಿಲ್ಲ. ಮೊನ್ನೆ ಅವರು ಅದರಲ್ಲೊಂದನ್ನು ಕಲಿಸಲು ಕೈ ಎತ್ತಿದರು. ನಾನು ನೀರು ಕುಡಿಯುವ ನೆಪ ಹೇಳಿ ಎದ್ದು ಹೊರಗೆ ಹೋದೆ. ಅದು ನಿನಗೆ ಹೇಳಿದ ಮಾತು, ನಿನಗಿಂತ ಮೊದಲು ನನಗೆ ತಿಳಿಯಬಾರದು.

ಈ ಕಾಗದ ತಲುಪಿದ ಮೇಲೆ ಬರುವ ಭಾನುವಾರ ಹತ್ತು ಗಂಟೆಗೆ ಕಾಲ್ ಮಾಡು. ಬ್ಯಾಟರಿ ನೂರು ಇರುತ್ತದೆ, ನೆಟ್‌ವರ್ಕ್ ಫೈವ್‌ಜಿಯಲ್ಲಿರುತ್ತದೆ, ನಾನು ಕಿಟಕಿಯ ಹತ್ತಿರ ಇರುತ್ತೇನೆ. ಅವಳು ಮಾಡಿದ ಹಾಗೆಯೇ ಮಾಡಿ ತೋರಿಸುತ್ತೇನೆ, ಓದಿಕೋ. ಅದು ನನಗೂ ಗೊತ್ತಿರಲಿ ಅನ್ನಿಸಿದರೆ ಆಮೇಲೆ ಬರೆದು ತಿಳಿಸು. ಬೇಡ ಅನ್ನಿಸಿದರೆ ಕಾಲ್ ಕಟ್ ಮಾಡಿಬಿಡು ಮಗಾ, ನಿನ್ನ ಬ್ಯಾಟರಿ ಮುಗಿಯಿತು ಎಂದುಕೊಳ್ಳುತ್ತೇನೆ.