ಮುತ್ತಜ್ಜ ಬಿಟ್ಟುಕೊಟ್ಟ ಹೆಸರು

ನನ್ನ ಮುದ್ದು ಮೊಮ್ಮಗನೇ,

ನಿನ್ನ ಹೆಸರನ್ನು ಮೇಲೆಯೇ ಬರೆದುಬಿಡೋಣವೆಂದು ಕೈ ತುರಿಸುತ್ತಿದೆ. ಇವತ್ತು ಬೆಳಗಿನವರೆಗೆ ನಿನಗೆ ಹೆಸರೇ ಇರಲಿಲ್ಲ, ಈಗ ಇದೆ! ಆದರೆ ಅದು ಹೇಗೆ ಬಂತೆಂದು ಹೇಳುವ ಮುಂಚೆ ಬರೆದರೆ ನನಗೇ ಸಮಾಧಾನವಿಲ್ಲ. ನೀನು ಪಕ್ಕದ ಕೋಣೆಯಲ್ಲಿ ನಿದ್ದೆ ಹೋಗಿದ್ದೀಯ. ಚಹಾದ ಬಟ್ಟಲು, ಕೇಕಿನ ತಟ್ಟೆ ಎಲ್ಲ ತೊಳೆಯದೆ ಬಿದ್ದಿವೆ, ಬಿದ್ದಿರಲಿ. ನೀನು ಓದಲು ಕಲಿಯುವಷ್ಟರಲ್ಲಿ ಊರಿನವರು ಈ ಕಥೆಗೆ ಕೊಂಬು, ಬಾಲ ಎಲ್ಲ ಸೇರಿಸಿರುತ್ತಾರೆ. ಮೊದಲು ನನ್ನಿಂದ ಕೇಳು.

ಸ್ಕಾಟ್ಲೆಂಡಿನ ಗಡಿಗೆ ಅಂಟಿಕೊಂಡ ನಾರ್ತಂಬರ್ಲೆಂಡಿನ ನಮ್ಮ ಈ ಬಂದರಿನಲ್ಲಿ ಒಂದು ಹಳೇ ಶಾಸ್ತ್ರವಿದೆ. ಚರ್ಚಿನಲ್ಲಿ ತಲೆಗೆ ನೀರು ಬೀಳುವ ತನಕ ಮಗುವಿಗೆ ಇಡುವ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಮಗುವಿಗೆ ಕೇಡು. ಈಗ ಅದನ್ನು ಪಾಲಿಸುವ ಮನೆ ನಮ್ಮದೊಂದೇ ಇರಬೇಕು. ಯಾಕೆಂದರೆ ನಮ್ಮ ಮನೆಯಲ್ಲಿ ನಿನ್ನ ಮುತ್ತಜ್ಜ, ಅಂದರೆ ನನ್ನ ಅಪ್ಪ, ಇದ್ದಾನೆ. ಎಂಬತ್ತು ದಾಟಿದರೂ ಮನೆ ಅವನ ಮಾತಿನ ಮೇಲೇ ನಡೆಯುತ್ತದೆ. ಹಾಗಾಗಿ ಹುಟ್ಟಿದಾಗಿನಿಂದ ನೀನು ನಮಗೆಲ್ಲ 'ಮರಿ'ಯಾಗಿದ್ದೆ.

ನಿನ್ನ ಅಮ್ಮ ಬ್ರೈಯೊನಿಗೆ ಬಸುರಿಯಾದಾಗಿನಿಂದ ಹೆಸರಿನ ಹುಚ್ಚು. ದಿನಾ ಸಂಜೆ ಚಹಾಕ್ಕೆ ಕೂತಾಗ ಫೋನ್ ಹಿಡಿದು ಗಂಡುಮಕ್ಕಳ ಹೆಸರು, ಅವುಗಳ ಅರ್ಥ, ಅವು ಬಂದ ದಾರಿ ಎಲ್ಲ ಓದುತ್ತಿದ್ದಳು. ಯಾವುದನ್ನು ಆರಿಸುತ್ತೇನೆಂದು ಮಾತ್ರ ಹೇಳುತ್ತಿರಲಿಲ್ಲ. ಅಯ್ಯೋ, ಆ ಸಂಜೆಗಳಲ್ಲಿ ನಾವು ನಕ್ಕಿದ್ದೇ ನಕ್ಕಿದ್ದು! ಜಾರ್ಜ್ ಅಂದರೆ ಗ್ರೀಕರ ಮಾತಿನಲ್ಲಿ ಮಣ್ಣು ಉಳುವವನಂತೆ. ನಮ್ಮ ಪಕ್ಕದ ಮನೆಯ ಜಾರ್ಜ್ ಇಡೀ ಜೀವಮಾನ ಏಡಿ ಹಿಡಿದವನು, ಅವನ ಕೈಯಲ್ಲಿ ಒಂದು ಹೂಕುಂಡವೂ ಬದುಕಿಲ್ಲ. ಲಿಯೊನಾರ್ಡ್ ಎಂದರೆ ಸಿಂಹದಂಥ ಗಟ್ಟಿಗ. ನಮ್ಮೂರ ಲಿಯೊನಾರ್ಡ್ ಕೈಯಲ್ಲಿನ ಚಿಪ್ಸಿಗೆ ಕಡಲಹಕ್ಕಿ ಎರಗಿದರೆ ಪೊಟ್ಟಣ ಬಿಸಾಡಿ ಓಡುತ್ತಾನೆ. ಎರಿಕ್ ಎನ್ನುವುದು ದೋಣಿಯಲ್ಲಿ ಬಂದು ನಮ್ಮನ್ನು ಕೊಳ್ಳೆ ಹೊಡೆದ ವೈಕಿಂಗರು ಬಿಟ್ಟುಹೋದ ಹೆಸರು, ಎಂದೆಂದೂ ಆಳುವವನು ಅಂತ ಅರ್ಥ. "ಹಾಗಂತ ನಮ್ಮೂರ ಎರಿಕ್‌ನ ಹೆಂಡ್ತಿಗೆ ಯಾರಾದ್ರೂ ಹೇಳ್ರೋ" ಎಂದು ಅಪ್ಪ ಮೇಜು ಕುಟ್ಟಿದ. ಇನ್ನು ಹೊಗೆಮನೆಯಲ್ಲಿ ಮೀನು ಒಣಗಿಸುವ ವಿಲ್ಫ್ರೆಡ್. ಹಳೇ ಸ್ಯಾಕ್ಸನರ ಮಾತಿನಲ್ಲಿ ಅವನು ಶಾಂತಿ ಬಯಸುವವನು. ಅವನು ಜಗಳ ಆಡದೆ ಉಳಿದಿರುವುದು ಮೀನುಗಳ ಜೊತೆ ಮಾತ್ರ.

ಒಂದು ಸಂಜೆ ಬ್ರೈಯೊನಿ ಥಾಮಸ್ ಎನ್ನುವ ಹೆಸರಿಗೆ ಬಂದಳು. ಯೇಸುವಿನ ಕಾಲದವರು ಆಡುತ್ತಿದ್ದ ಅರಮಾಯಿಕ್ ಮಾತಿನಿಂದ ಬಂದದ್ದು, ಅವಳಿ ಅಂತ ಅರ್ಥ ಎಂದು ಓದಿದಳು. ಅಪ್ಪ ಬಟ್ಟಲು ಕೆಳಗಿಟ್ಟು ಎದ್ದು ಹೊರಗೆ ಹೋದ. ತಿಂದ ಮೀನು ಒಗ್ಗಲಿಲ್ಲವೇನೋ ಎಂದುಕೊಂಡು ನಾವು ಸುಮ್ಮನಾದೆವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಪ್ಪನ ಹೆಸರು ಕತ್ಬರ್ಟ್. ಅವನ ತಾತ, ಆ ತಾತನ ತಾತ, ಹೀಗೆ ನಮ್ಮ ಮನೆಯಲ್ಲಿ ಮೊದಲು ಹುಟ್ಟಿದ ಗಂಡಿಗೆ ಸಲ್ಲುತ್ತಾ ಬಂದ ಹೆಸರದು. ಸ್ಯಾಕ್ಸನರ ಎರಡು ಮಾತು ಕೂಡಿ ಆದದ್ದು: ಹೆಸರುವಾಸಿ, ಬೆಳಗುವವನು. ಆದರೆ ಅದನ್ನು ಮೊಟಕು ಮಾಡಿ ಕರೆದರೆ ಕತ್ತೆಯನ್ನು ಕರೆದ ಹಾಗೆ, ನಮ್ಮ ಕರಾವಳಿಯ ಆಡುಮಾತಿನಲ್ಲಿ ಕತ್ತೆಗೂ ಅದೇ ಹೆಸರು. ಅಪ್ಪನಿಗೆ ನಾನೊಬ್ಬಳೇ ಮಗಳು. ನನಗೆ ನಿನ್ನ ಅಪ್ಪ ಹುಟ್ಟಿದಾಗ ಆ ಹೆಸರನ್ನು ನನ್ನ ಅಪ್ಪನಲ್ಲಿ ಕೇಳಿದೆ, ಕೊಡಲಿಲ್ಲ. ಮನೆಹೆಸರು ಇಡಬೇಕಾದರೆ ಹಿರಿಯನು ಒಪ್ಪಬೇಕು. ಕತ್ತೆ ಎಂದು ಕರೆಸಿಕೊಂಡು ಬೇಸತ್ತಿದ್ದಾನೆ ಎಂದುಕೊಂಡು ನಿನ್ನ ಅಪ್ಪನಿಗೆ ಗಾವಿನ್ ಎಂದಿಟ್ಟೆ.

ಬ್ರೈಯೊನಿ ಮಾತ್ರ ಬಿಡುವ ಪೈಕಿಯಲ್ಲ. ಅಜ್ಜ ಅಜ್ಜಿಯರನ್ನು ಕಾಣದೆ ಬೆಳೆದ ಹುಡುಗಿ, ನನ್ನ ಅಪ್ಪನನ್ನು ಬಲು ಹಚ್ಚಿಕೊಂಡಿದ್ದಾಳೆ. ನೀನು ಹುಟ್ಟಿದ ಮೇಲೆ ಅವನ ಎದೆಗೆ ಬೆರಳು ತೋರಿಸಿ, "ನಿಮ್ದೇ ಬೇಕು, ಅಜ್ಜ. ಬೇರೆ ಯಾವ್ದೂ ಬೇಡ" ಅಂದಳು. ಅವನು, "ಅದೊಂದು ಕೇಳ್ಬೇಡ ಮಗಾ" ಎಂದು ಮುಖ ತಿರುಗಿಸಿದ. ಅವಳು ಅಡಿಗೆಮನೆಗೆ ಬಂದು ಅತ್ತಳು. ಕೊನೆಗೆ ಗಾವಿನ್ ಜೊತೆ ಕೂತು ಬೇರೊಂದು ಹೆಸರು ಆರಿಸಿಕೊಂಡಳು. ಆದರೆ ಅವಳ ಮುಖದ ಕಳೆ ಹೋಗಿತ್ತು, ನನಗೆ ನೋಡಲಾಗಲಿಲ್ಲ.

ಇವತ್ತು ಬೆಳಗ್ಗೆ ಅಪ್ಪ ಹಿತ್ತಿಲ ಬೆಂಚಿನ ಮೇಲೆ ಮೀನುಗಾರರ ನೀಲಿ ಉಣ್ಣೆಯಂಗಿ ಹಾಕಿಕೊಂಡು ಕೂತಿದ್ದ. ನಾನು ಕೋಟು, ಟೈ ಹಿಡಿದುಕೊಂಡು ಹೋಗಿ ಅವನನ್ನು ಸರಿಯಾಗಿ ಜಾಡಿಸಿದೆ. "ಒಂದು ಹೆಸರಿಗೆ ಇಷ್ಟು ಜಿಪುಣತನವಾ? ಆ ಹುಡುಗಿ ಮುಖ ನೋಡಿದ್ಯಾ?"

"ಕೊಡೋಕೆ ಅದು ನಂದಲ್ಲ ಕಣೇ."

"ನಿಂದಲ್ದೆ ಇನ್ಯಾರ್ದು?"

"ಅಣ್ಣಂದು. ಇಬ್ಬರೂ ಒಟ್ಟಿಗೇ ಹುಟ್ಟಿದ್ದು, ಅವ್ನು ಮೊದ್ಲು. ಹೆಸರು ಅವ್ನಿಗೇ ಅಂತ ಎತ್ತಿಟ್ಟಿದ್ದು. ಚರ್ಚಿಗೆ ಕರ್ಕೊಂಡು ಹೋಗೋ ಮುಂಚೆನೇ ಹೋಗ್ಬಿಟ್ಟ. ನಮ್ಮ ಶಾಸ್ತ್ರ ಇದೆಯಲ್ಲ, ಒಬ್ರೂ ಒಂದ್ಸಲಾನೂ ಅವನನ್ನ ಹೆಸರು ಹಿಡಿದು ಕರೀಲಿಲ್ಲ, ಹೆತ್ತ ತಾಯೀನೂ ಕರೀಲಿಲ್ಲ. ಆಮೇಲೆ ಹೆಸರು ದಂಡ ಆಗ್ಬಾರ್ದು ಅಂತ ನನಗೆ ಇಟ್ರು. ಅಣ್ಣನ ಅಂಗಿ ಹಾಕ್ಕೊಂಡೇ ಮುದುಕ ಆದೆ."

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ಇಷ್ಟು ವರ್ಷ ಹೇಳ್ಬಾರ್ದಿತ್ತಾ? ಕತ್ತೆ ಅಂತಾರಲ್ಲ, ಅದಕ್ಕೇ ಬೇಜಾರು ಅಂದ್ಕೊಂಡಿದ್ವಿ."

"ಕತ್ತೆ ಅಂದ್ರೆ ನಂಗೇನಾಗ್ಬೇಕು? ಒಳ್ಳೇ ಪ್ರಾಣಿ."

ಅಳುವುದೋ ನಗುವುದೋ! ನಾನು ಅವನ ಪಕ್ಕದಲ್ಲಿ ಕೂತು ಹೇಳಿದೆ, "ಅಪ್ಪಾ, ಅದು ಮೊದ್ಲು ಹುಟ್ಟಿದವನಿಗೆ ಸೇರ್ಬೇಕಾದ ಹೆಸರು ತಾನೆ? ತೊಟ್ಟಿಲಲ್ಲಿ ಮಲಗಿರೋನು ಗಾವಿನ್‌ಗೆ ಎಷ್ಟನೆಯವ್ನು? ಮೊದಲ್ನೆಯವ್ನೇ ಅಲ್ವಾ?" ಅವನು ಕತ್ತು ಮುಂದೆ ಚಾಚಿ, ಟೈ ಕಟ್ಟು ಅಂದ.

ಚರ್ಚಿನಲ್ಲಿ ಪಾದ್ರಿಯಮ್ಮ ನಿನ್ನನ್ನು ಎತ್ತಿಕೊಂಡು, "ಈ ಮಗುವಿಗೆ ಹೆಸರಿಡಿ" ಅಂದರು. ಬ್ರೈಯೊನಿ ಬಾಯಿ ತೆರೆದಳು. ಆಗ ಮುಂದಿನ ಸಾಲಿನಿಂದ ಅಪ್ಪನ ದನಿ ಬಂತು ನೋಡು! ಎದುರುಗಾಳಿಯಲ್ಲಿ ದೋಣಿಯಿಂದ ದೋಣಿಗೆ ಕೂಗುತ್ತಿದ್ದ ದನಿ.

"ತಡಿ ಮಗಾ. ನಂದು ತಗೋ."

"ನಿಜವಾಗ್ಲೂ, ಅಜ್ಜಾ?"

"ತಗೋ ಅಂದ್ನಲ್ಲ. ನೀರು ತಣ್ಣಗಾಗ್ತಿದೆ."

"ಅದು ಯಾವತ್ತು ಬಿಸಿ ಇತ್ತು?" ಎಂದು ಹಿಂದಿನಿಂದ ವಿಲ್ಫ್ರೆಡ್ ಗೊಣಗಿದ. ಇಡೀ ಚರ್ಚು ನಕ್ಕಿತು. ಬ್ರೈಯೊನಿ ನಗುತ್ತಾ ಅಳುತ್ತಾ ಕತ್ಬರ್ಟ್ ಎಂದಳು. ನೀರು ಬಿತ್ತು, ನೀನು ಚೀರಿದೆ. ಚೀರಿದರೆ ಪೀಡೆ ಓಡಿಹೋಯಿತೆಂದು ಲೆಕ್ಕ, ನಿನ್ನ ಚೀರಾಟಕ್ಕೆ ಅದು ಸ್ಕಾಟ್ಲೆಂಡಿನ ಗಡಿ ದಾಟಿರಬೇಕು!

ಚಹಾಕ್ಕೆ ಎಲ್ಲರೂ ಮನೆಗೆ ಬಂದರು. ಅಪ್ಪ ಶಾಸ್ತ್ರದಂತೆ ನಿನ್ನ ಅಂಗೈಯಲ್ಲಿ ಬೆಳ್ಳಿ ನಾಣ್ಯ ಇಟ್ಟ, ನೀನು ಗಟ್ಟಿಯಾಗಿ ಹಿಡಿದುಕೊಂಡೆ. ವಿಲ್ಫ್ರೆಡ್ ಬಟ್ಟಲು ಎತ್ತಿ, "ಹಳೇ ಕತ್ಬರ್ಟಿಗೂ ಹೊಸ ಕತ್ಬರ್ಟಿಗೂ ಒಳ್ಳೇದಾಗ್ಲಿ" ಅಂದ.

"ಹಳಬ ಅಂತ ಯಾರೂ ಇಲ್ಲ" ಅಂದ ಅಪ್ಪ. "ಆ ಹೆಸರಿನವ್ನು ಈ ಮನೇಲಿ ಇವನೊಬ್ನೇ. ನನ್ನನ್ನ ಇನ್ಮೇಲೆ ಟಾಮ್ ಅನ್ನಿ."

"ಏನಯ್ಯಾ, ಈ ವಯಸ್ಸಲ್ಲಿ ನಿಂಗೂ ನಾಮಕರಣನಾ?"

"ಆಯ್ತು, ಏನೀಗ?"

ಎಲ್ಲರಿಗೂ ತಮಾಷೆ. ಆದರೆ ಟಾಮ್ ಎಂದರೆ ಥಾಮಸ್, ಅವಳಿ. ಅಪ್ಪನ ಅಣ್ಣನ ಕಥೆಯನ್ನು ನಾನು ಚರ್ಚಿನಿಂದ ಬರುವ ದಾರಿಯಲ್ಲೇ ಬ್ರೈಯೊನಿಯ ಕಿವಿಗೆ ಹಾಕಿದ್ದೆ. ಆ ಸಂಜೆ ಅವನು ಬಟ್ಟಲು ಕೆಳಗಿಟ್ಟು ಎದ್ದುಹೋದದ್ದು ಅವಳಿಗೆ ನೆನಪಾಗಿರಬೇಕು. ಹೋಗಿ ಅವನ ಕುತ್ತಿಗೆ ತಬ್ಬಿಕೊಂಡಳು. ನನಗೂ ತಡೆಯಲಾಗಲಿಲ್ಲ.

ಈಗಷ್ಟೇ ಕಿಟಕಿಯಿಂದ ನೋಡಿದೆ. ಅಪ್ಪ ಬಂದರಿನ ಕಟ್ಟೆಯ ಮೇಲೆ ಹೋಗುತ್ತಿದ್ದ. ಹೊಗೆಮನೆಯ ಬಾಗಿಲಿನಿಂದ ವಿಲ್ಫ್ರೆಡ್, "ಏ ಟಾಮ್!" ಎಂದು ಕೂಗಿದ. ಅಪ್ಪ ತಿರುಗಲಿಲ್ಲ. ಅವನು ಇನ್ನೊಂದು ಸಲ ಕೂಗಿದ. ಅಪ್ಪ ನಿಂತ, ತಿರುಗಿದ, ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ, "ಓ!" ಅಂದ.

ಕತ್ಬರ್ಟ್, ನನ್ನ ಕಂದ, ಬೆಳಗುವವನಾಗು. ಯಾರಾದರೂ ನಿನ್ನ ಹೆಸರು ಹಿಡಿದು ಕರೆದರೆ ಗಟ್ಟಿಯಾಗಿ ಓಗೊಡು, ನಿನಗಿಂತ ಮುಂಚೆ ಒಬ್ಬನಿಗೆ ಆ ಭಾಗ್ಯ ಇರಲಿಲ್ಲ. ನೂರ್ಕಾಲ ಬಾಳು.

ಇವತ್ತು ಸಂತೋಷಕ್ಕೆ ನೆಲದ ಮೇಲೆ ಕಾಲು ನಿಲ್ಲದ ನಿನ್ನ ಅಜ್ಜಿ,
ಹೆಸ್ಟರ್